ಕೆಮ್ಮಜ್ಜಾ, ಇನ್ನೊಮ್ಮೆ ಕೆಮ್ಮು

ನಮ್ಮ ಹಾವೇರಿ ಜಿಲ್ಲೆಯಲ್ಲಿ ಸರ್ಜರಿ ಪಾಠದ ಶೈಕ್ಷಣಿಕ ವರ್ಷ ಶುರುವಾಗುವುದು ದೀಪಾವಳಿಗೆ. ಪಾಡ್ಯ ಮುಗಿಯಿತೆಂದರೆ ಹಾನಗಲ್ಲು, ಹಿರೇಕೆರೂರು ಸೀಮೆಯ ಊರೂರಲ್ಲೂ ಹೋರಿ ಬೆದರಿಸುವ ಹಬ್ಬ. ಕೊರಳ ತುಂಬ ಒಣಕೊಬ್ಬರಿ ಸರ, ಕೋಡಿಗೆ ಬಲೂನು, ಬೆನ್ನಿಗೆ ಝೂಲ, ಹೆಸರಿಗೆ ಯಾವುದೋ ಸಿನಿಮಾ ನಾಯಕನ ಬಿರುದು. ಹೀಗೆ ಸಿಂಗಾರವಾದ ಹೋರಿಯನ್ನು ಅಖಾಡಕ್ಕೆ ಬಿಟ್ಟರೆ ಕೊಬ್ಬರಿ ಹರಿಯಲು ಹುಡುಗರು ಮೇಲೆ ಬೀಳುತ್ತಾರೆ. ಹೋರಿಯೆಂಬ ಈ ಪ್ರಾಧ್ಯಾಪಕರು ನೀಟ್ ಬರೆದವರಲ್ಲ. ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇಲ್ಲ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ತಾಳ್ಮೆಯಂತೂ ಇಲ್ಲವೇ ಇಲ್ಲ. ಆದರೂ ವಿದ್ಯಾರ್ಥಿಗಳು ಪುಸ್ತಕದ ಬಣ್ಣದ ಚಿತ್ರದಲ್ಲಿ ನೋಡಿ ಬಾಯಿಪಾಠ ಮಾಡುವ ಹೊಟ್ಟೆಯೊಳಗಿನ ಪದರಗಳನ್ನು ಅವರು ಒಂದೇ ಕ್ಷಣದಲ್ಲಿ, ಕ್ರಮ ತಪ್ಪದೆ, ಸಾವಿರಾರು ಜನರೆದುರು ಬಿಚ್ಚಿ ತೋರಿಸಬಲ್ಲರು.

ನಗುವ ಮಾತಲ್ಲ, ಈ ಹಬ್ಬದಲ್ಲಿ ಹುಡುಗರು ಸತ್ತಿದ್ದಾರೆ. ಆದರೆ ನಾವು ನಗುವುದನ್ನೂ ಬಿಟ್ಟಿಲ್ಲ, ಹಬ್ಬವನ್ನೂ ಬಿಟ್ಟಿಲ್ಲ.

ಕೋಡಿನ ಗಾಯದ ಸ್ವಭಾವವೇ ಮೋಸದ್ದು. ಹೊರಗೆ ಸಣ್ಣ ತೂತು, ಒಳಗೆ ಸುರಂಗ. ಚುಚ್ಚಿದ ಮೇಲೆ ಹೋರಿ ತಲೆ ಎತ್ತಿ ತಿರುವುತ್ತದಲ್ಲ, ಹಾಗಾಗಿ ಚರ್ಮ ಎರಡು ಬೆರಳಷ್ಟು ಹರಿದಿದ್ದರೂ ಒಳಗಿನ ಸ್ನಾಯು ಗೇಣುದ್ದ ಸೀಳಿರುತ್ತದೆ. ಸಗಣಿ, ಮಣ್ಣು ತಳದವರೆಗೂ ಹೋಗಿ ಕೂತಿರುತ್ತದೆ. ತೊಳೆಯದೆ ಮೇಲೆ ಮೇಲೆ ಹೊಲಿಗೆ ಹಾಕಿ ಕಳಿಸಿದರೆ ಕೆಲವೇ ದಿನದಲ್ಲಿ ಕೀವು. ಕರುಳು ಹೊರಬಂದಿದ್ದರೆ ಒಳಗೆ ತುರುಕಬಾರದು. ಶುಭ್ರವಾದ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಹೊದಿಸಿ, ಬಾಯಿಗೆ ಹನಿ ನೀರೂ ಹಾಕದೆ ಆಪರೇಷನ್ ಆಗುವ ಜಾಗಕ್ಕೆ ಒಯ್ಯಬೇಕು. ಇದು ಪುಸ್ತಕದಲ್ಲಿದೆ. ಅಖಾಡದಲ್ಲಿ ಇರುವುದು ಅರಿಶಿನ ಪುಡಿ, ಯಾರದೋ ಹೆಗಲ ಮೇಲಿನ ಟವೆಲ್ಲು ಮತ್ತು ‘ಏ, ಒಳಗ ದೂಡಿ ಬಿಗದ ಕಟ್ರಲೇ’ ಎಂಬ ಹಿರಿಯರ ಮಾರ್ಗದರ್ಶನ. ಒಬ್ಬ ನೀರು ಕುಡಿಸುತ್ತಾನೆ, ಇನ್ನೊಬ್ಬ ಸೋಡಾ. ಉಳಿದವರು ಮೊಬೈಲ್ ಹಿಡಿದಿರುತ್ತಾರೆ. ರಾತ್ರಿಯೊಳಗೆ ಆ ಹೋರಿಯ ಅಭಿಮಾನಿ ಬಳಗದ ಸ್ಟೇಟಸ್ಸಿನಲ್ಲಿ ಇಡೀ ಪ್ರಕರಣ ಹಿನ್ನೆಲೆ ಸಂಗೀತದೊಂದಿಗೆ ಬಿಡುಗಡೆ.

ಅಲ್ಲಿಂದ ಗಾಯಾಳು ತಾಲ್ಲೂಕು ದವಾಖಾನಿಗೆ. ಸಲೈನ್ ಹಚ್ಚುತ್ತಾರೆ, ಟಿ.ಟಿ. ಸೂಜಿ ಮಾಡುತ್ತಾರೆ, ಆಮೇಲೆ ಅಲ್ಲಿ ಅತಿ ಹೆಚ್ಚು ನಡೆಯುವ ಆಪರೇಷನ್ ಅನ್ನು ಬಾಲ್‌ಪೆನ್ನಿನಿಂದ ಮಾಡುತ್ತಾರೆ. ‘ಇಲ್ಲೆ ಆಗಂಗಿಲ್ರಿ, ಬರದ ಕೊಡ್ತೇನಿ, ಹುಬ್ಬಳ್ಳಿಗೆ ಒಯ್ರಿ.’ ಶಿಗ್ಗಾವಿ, ಸವಣೂರಿನವರಿಗೆ ಹುಬ್ಬಳ್ಳಿ ಎಂಬುದರಲ್ಲಿ ಗೊಂದಲವಿಲ್ಲ. ಹಿರೇಕೆರೂರಿನವರಿಗೆ ದಾವಣಗೆರೆಯೋ ಶಿವಮೊಗ್ಗವೋ ಎಂಬುದನ್ನು ಆಂಬುಲೆನ್ಸಿನಲ್ಲೇ ತೀರ್ಮಾನಿಸಬೇಕು: ಹಿರಿಯ ಅಳಿಯ ದಾವಣಗೆರೆ ಎನ್ನುತ್ತಾನೆ, ಕಿರಿಯ ಅಳಿಯ ಶಿವಮೊಗ್ಗ ಎನ್ನುತ್ತಾನೆ, ಗಾಯಾಳು ಏನೂ ಅನ್ನುವ ಸ್ಥಿತಿಯಲ್ಲಿರುವುದಿಲ್ಲ.

ಇದಕ್ಕೆ ಡಾಕ್ಟರನ್ನು ಬೈಯುವುದು ಸುಲಭ, ಹೊಡೆಯುವುದು ಇನ್ನೂ ಸುಲಭವೆಂದು ಕೆಲವರು ಕಂಡುಕೊಂಡಿದ್ದಾರೆ. ಆದರೆ ಹೊಟ್ಟೆ ತೆರೆಯುವುದು ಒಬ್ಬರ ಕೆಲಸವಲ್ಲ. ಕೊಯ್ಯುವವರು, ಅರಿವಳಿಕೆ ಕೊಡುವವರು, ರಕ್ತ ಹೊಂದಿಸುವವರು ಒಂದೇ ರಾತ್ರಿ ಒಂದೇ ಕಟ್ಟಡದಲ್ಲಿ ಸೇರಬೇಕು. ಸರ್ಜನ್ ಇದ್ದ ದಿನ ಅರಿವಳಿಕೆ ಡಾಕ್ಟರು ಬೇರೆ ತಾಲ್ಲೂಕಿಗೆ ನಿಯೋಜನೆ. ಅವರು ಬಂದ ದಿನ ರಕ್ತವಿಲ್ಲ. ರಕ್ತ ಸಿಕ್ಕ ದಿನ ಸರ್ಜನ್‌ಗೆ ಮಂತ್ರಿಗಳ ಕಾರ್ಯಕ್ರಮದ ಡ್ಯೂಟಿ. ತಾಲ್ಲೂಕು ದವಾಖಾನಿಗೆ 100 ಹಾಸಿಗೆ ಎಂದು ಸರ್ಕಾರ ಬರೆದಿಟ್ಟಿದೆ. ಈ ಮೂವರ ಸಮಾಗಮ ಯಾವ ತಿಥಿಯಲ್ಲಿ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಸವಣೂರಿನಲ್ಲಿ ಒಂದು ಅಪವಾದ ಆಗಿದೆ, ಸುಳ್ಳು ಹೇಳಬಾರದು. ಅಲ್ಲಿನ ದೊಡ್ಡಹುಣಸೆ ಕಲ್ಮಠದಲ್ಲಿ ಮೂರು ದೈತ್ಯ ಹುಣಸೆ ಮರಗಳಿವೆ. ಹುಣಸೆ ಎಂದರೂ ಅವು ಆಫ್ರಿಕಾದ ಬಾವೊಬಾಬ್ ಜಾತಿಯವು, ಸಾವಿರಾರು ವರ್ಷದವೆಂದು ಊರು ನಂಬಿದೆ. 2023ರ ಜುಲೈ ಮಳೆಯಲ್ಲಿ ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ಅಧಿಕಾರಿಗಳು ಧಾವಿಸಿದರು, ತಜ್ಞರನ್ನು ಕರೆಸಿದರು, ಯಂತ್ರ ತರಿಸಿದರು, ಬಿದ್ದ ಮರವನ್ನು ಎತ್ತಿ ಮತ್ತೆ ನೆಟ್ಟರು. ‘ಹುಬ್ಬಳ್ಳಿಗೆ ಒಯ್ರಿ’ ಎಂದು ಒಬ್ಬರಾದರೂ ಚೀಟಿ ಬರೆಯಲಿಲ್ಲ. ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡ ಸವಣೂರಿನ ಮುದುಕಿ ಇದನ್ನು ಹಾಸಿಗೆಯಿಂದಲೇ ಕೇಳಿಸಿಕೊಂಡಿರಬೇಕು. ಸ್ವಂತ ಊರಲ್ಲೇ ಎದ್ದು ನಿಲ್ಲಬೇಕಾದರೆ ಯಾವ ಜನ್ಮ ಬೇಡಬೇಕೆಂಬುದು ಆಕೆಗೆ ತಿಳಿದಂತಾಯಿತು.

ಇಂಥ ಜಿಲ್ಲೆಗೆ ಮೆಡಿಕಲ್ ಕಾಲೇಜು ಬಂತು. 1997ರಲ್ಲಿ ಧಾರವಾಡದಿಂದ ಬೇರೆ ಮಾಡುವಾಗ ಹಾವೇರಿಯ ಪಾಲಿಗೆ ಕಚೇರಿಗಳ ಬೋರ್ಡುಗಳು ಬಂದವು. 1957ರಲ್ಲಿ ಶುರುವಾದ ಮೆಡಿಕಲ್ ಕಾಲೇಜು ಹುಬ್ಬಳ್ಳಿಯಲ್ಲೇ ಉಳಿಯಿತು, ನಮ್ಮ ಪಾಲಿಗೆ ಬಂದದ್ದು ಅಲ್ಲಿಗೆ ಹೋಗುವ ಹೆದ್ದಾರಿ. ಸರಿಯಾಗಿ 25 ವರ್ಷ ಕಾಯಿಸಿ, 2022-23ರ ಸಾಲಿಗೆ 150 ಸೀಟುಗಳ ಹಾವೇರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಕೊಟ್ಟರು. ಸಂತೋಷವೇ. ಶಿಗ್ಗಾವಿಯ ಚಹಾದಂಗಡಿಯಲ್ಲಿ ಅಂದು ಮಿರ್ಚಿ ಕಚ್ಚುತ್ತ ಒಬ್ಬರು ಲೆಕ್ಕ ಹಾಕಿದರು: ವರ್ಷಕ್ಕೆ 150 ಡಾಕ್ಟರು, ಎಂಟು ತಾಲ್ಲೂಕು, ತಲಾ ಹತ್ತೊಂಬತ್ತು. ‘ಹತ್ತು ವರ್ಷದಾಗ ಓಣಿಗೊಬ್ಬ ಸರ್ಜನ್ ನಿಂತಿರತಾನ ನೋಡ್ರಿ.’ ಲೆಕ್ಕದಲ್ಲಿ ತಪ್ಪಿಲ್ಲ. ಸೀಟು ಹಾವೇರಿಯದು, ಸೀಟಿನಲ್ಲಿ ಕೂತವನ ಮನಸ್ಸು ಬೇರೆ ಊರಿನದು ಎಂಬುದನ್ನು ಮಾತ್ರ ಅವರು ಸೇರಿಸಿಕೊಂಡಿರಲಿಲ್ಲ.

ಈಗ ಹುಡುಗ ಕಾಲೇಜಿಗೆ ಬಂದ. ಮೊದಲು ಬಿಳಿ ಕೋಟು ತೊಡಿಸಿ ಪ್ರತಿಜ್ಞೆ ಮಾಡಿಸುತ್ತಾರೆ. 2022ರವರೆಗೆ ಅದು ಗ್ರೀಕರ ಹಿಪೊಕ್ರಟೀಸನ ಹೆಸರಲ್ಲಿತ್ತು. ಆ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ಸ್ವದೇಶಿ ಮಾಡಿ ಚರಕ ಶಪಥ ತಂದಿತು. ಬಹಳ ಚರ್ಚೆಯಾಯಿತು. ಆದರೆ ಆ ಚರ್ಚೆಯಲ್ಲಿ ನನ್ನ ಕಿವಿಗೆ ಬೀಳದ ಒಂದು ಸಂಗತಿ ಇದೆ: ಚರಕ ಕೊಯ್ಯುವ ವೈದ್ಯನಲ್ಲ. ಹೊಟ್ಟೆಯ ಗುಲ್ಮ ರೋಗ ಹಣ್ಣಾಗಿ ಶಸ್ತ್ರ ಇಡಬೇಕಾದ ಹಂತಕ್ಕೆ ಬಂದಾಗ, ಇದರಲ್ಲಿ ಅಧಿಕಾರ ನಮ್ಮದಲ್ಲ, ಧನ್ವಂತರಿ ಪಂಥದವರದು ಎಂದು ಚರಕ ಸಂಹಿತೆ ಸ್ಪಷ್ಟವಾಗಿ ಹೇಳಿ ಕೈ ತೊಳೆದುಕೊಳ್ಳುತ್ತದೆ. ಅಂದರೆ ಭಾರತೀಯ ವೈದ್ಯಶಾಸ್ತ್ರದ ಅತಿ ಪುರಾತನ ರೆಫರಲ್ ಚೀಟಿ ಅದೇ. ನಮ್ಮ ತಾಲ್ಲೂಕು ದವಾಖಾನಿಗಳು ಶಪಥಕ್ಕೆ ಎಷ್ಟು ನಿಷ್ಠವಾಗಿವೆ ಎಂಬುದು ಈಗ ಅರ್ಥವಾಗಬೇಕು.

ಕೊಯ್ಯುವ ವೈದ್ಯ ಸುಶ್ರುತ. ಅವನ ಸಂಹಿತೆಯಲ್ಲಿ ಶಿಷ್ಯರ ಕೈ ಪಳಗಿಸಲೆಂದೇ ಒಂದು ಅಧ್ಯಾಯವಿದೆ. ಛೇದನ ಕಲಿಯಲು ಬೂದಗುಂಬಳ, ಸೋರೆ, ಸೌತೆ. ಶಲಾಕೆ ಆಡಿಸುವುದಕ್ಕೆ ಹುಳು ತಿಂದ ಕಟ್ಟಿಗೆ. ಹೊಲಿಗೆಗೆ ದಪ್ಪ ಬಟ್ಟೆ, ಮೆತ್ತನೆಯ ಚರ್ಮ. ರಕ್ತನಾಳ ಚುಚ್ಚಲು ಸತ್ತ ಪ್ರಾಣಿಯ ನಾಳ, ತಾವರೆಯ ದಂಟು. ಪಟ್ಟಿ ಕಟ್ಟುವುದಕ್ಕೆ ಮನುಷ್ಯನಾಕಾರದ ಬೊಂಬೆ. ಶಾಸ್ತ್ರವೆಲ್ಲ ಓದಿಯೂ ಈ ಅಭ್ಯಾಸ ಮಾಡದವನು ಕೆಲಸಕ್ಕೆ ಬಾರದವನು ಎಂದು ಖಡಾಖಂಡಿತ ಹೇಳಿದ್ದಾನೆ. ಹಾನಗಲ್ ಸಂತೆಯಲ್ಲಿ ಒಂದು ಚೀಲ ಸೌತೆಕಾಯಿ ಕೊಂಡರೆ ಒಂದು ಬ್ಯಾಚಿನ ಕೈ ಪಳಗುತ್ತದೆ. ಆದರೆ ಸೌತೆಕಾಯಿಗೆ ಟೆಂಡರ್ ಕರೆಯುವುದು ಕಷ್ಟ, ಅದಕ್ಕೆ ವಾರಂಟಿ ಇಲ್ಲ. ಹಾಗಾಗಿ ಈಗ ಸ್ಕಿಲ್ ಲ್ಯಾಬ್ ಕಡ್ಡಾಯ, ಅಲ್ಲಿ ರಬ್ಬರಿನ ಬೊಂಬೆ ಕಡ್ಡಾಯ. ರಾಜ್ಯದಲ್ಲಿ ಇಂಥ ಲ್ಯಾಬುಗಳ ಬಾಗಿಲಿಗೆ ಬೀಗ, ಬೀಗಕ್ಕೆ ರಿಜಿಸ್ಟರು, ರಿಜಿಸ್ಟರಿಗೆ ಒಬ್ಬ ಗುಮಾಸ್ತ ಇರುವುದನ್ನು ಕಂಡವರಿದ್ದಾರೆ; ಬೊಂಬೆ ಹಳೆಯದಾದರೆ ಗುಮಾಸ್ತನ ಮೇಲೆ ಬರುತ್ತದೆ, ಹುಡುಗರ ಕೈ ಹೊಸದಾಗಿಯೇ ಉಳಿದರೆ ಯಾರ ಮೇಲೂ ಬರುವುದಿಲ್ಲ.

ಇದರ ನಡುವೆ 2020ರ ನವೆಂಬರಿನಲ್ಲಿ ಆಯುರ್ವೇದದ ಸ್ನಾತಕೋತ್ತರರಿಗೆ 58 ಬಗೆಯ ಶಸ್ತ್ರಚಿಕಿತ್ಸೆ ಮಾಡಲು ಅವಕಾಶವಿದೆಯೆಂದು ಅಧಿಸೂಚನೆ ಬಂತು, ಡಿಸೆಂಬರ್ 11ಕ್ಕೆ ಭಾರತೀಯ ವೈದ್ಯಕೀಯ ಸಂಘ ದೇಶದಾದ್ಯಂತ ಮುಷ್ಕರ ಮಾಡಿತು. ಯಾರು ಕೊಯ್ಯಬೇಕು ಎಂದು ದಿಲ್ಲಿಯಲ್ಲಿ ಜಗಳ. ಹಿರೇಕೆರೂರಿನಲ್ಲಿ ಅದೇ ಪ್ರಶ್ನೆಯನ್ನು ರಾತ್ರಿ ಹನ್ನೊಂದಕ್ಕೆ ಮೆಕ್ಕೆಜೋಳದ ರಾಶಿ ಮಷೀನಿಗೆ ಬೆರಳು ಕೊಟ್ಟವನು ಕೇಳುತ್ತಿದ್ದ, ಬೇರೆ ಅರ್ಥದಲ್ಲಿ. ಅವನ ಅಣ್ಣ ತುಂಡಾದ ಬೆರಳನ್ನು ನೇರ ಐಸಿನಲ್ಲಿ ಮುಳುಗಿಸಿ ತಂದಿದ್ದ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಬೇಕು ಎಂದು ಊರಿಗೆ ಹೇಳಿಕೊಡುವವರು ಯಾರು? ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೆ ಮೂರರಿಂದ ಐದು ಮನೆ ದತ್ತು ಕೊಡುವ ಕಾರ್ಯಕ್ರಮವೇನೋ ಇದೆ. ಅವರು ಬಂದು ಬಿಪಿ ನೋಡಿ, ಕೈ ತೊಳೆಯುವುದು ಹೇಗೆಂದು ಹೇಳಿ, ಮನೆಯವರ ಜೊತೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ‘ನನ್ನ ಬಗಲಾಗ ಗಡ್ಡಿ ಬಂದೈತಿ, ನೋಡವಾ’ ಎಂದು ಆ ಮನೆಯ ಅವ್ವ ಸೆರಗು ಸರಿಸುವಷ್ಟರಲ್ಲಿ ಬಸ್ಸು ಹಾರ್ನ್ ಹೊಡೆಯುತ್ತದೆ.

ಆಮೇಲೆ ಓಟಿ. ವಿದ್ಯಾರ್ಥಿಯ ಕಣ್ಣಿಗೆ ಓಟಿ ಎಂದರೆ ಬೆನ್ನುಗಳು. ಟೇಬಲ್ಲಿಗೆ ಅಂಟಿ ಸರ್ಜನ್, ಎದುರಿಗೆ ಅಸಿಸ್ಟೆಂಟ್ ಪ್ರೊಫೆಸರು, ಅವರ ಬಗಲಲ್ಲಿ ಪಿಜಿ, ಹಿಂದೆ ಹೌಸ್ ಸರ್ಜನ್ನುಗಳು, ಅವರ ಹಿಂದೆ ಸ್ಟೂಲು ಸಿಕ್ಕವರು, ಅದರ ಹಿಂದೆ ನಮ್ಮ ಹುಡುಗ. ಚಪ್ಪಲಿ ಬದಲಿಸಿ, ಟೋಪಿ ಹಾಕಿ, ಮಾಸ್ಕ್ ಕಟ್ಟಿ ಒಳಗೆ ಹೋದವನಿಗೆ ಸಿಗುವ ಮೊದಲ ಪಾಠ: ಏನನ್ನೂ ಮುಟ್ಟಬೇಡ. ಎರಡನೆಯದು: ಬಿದ್ದರೆ ಹಿಂದಕ್ಕೆ ಬೀಳು. ಎರಡು ತಾಸು ನಿಂತು ಹೊರಬಂದು ‘ಪಪ್ಪಾ, ಇವತ್ತು ಗಾಲ್‌ಬ್ಲಾಡರ್ ಆಪರೇಷನ್ ನೋಡಿದೆ’ ಎಂದು ಫೋನ್ ಮಾಡುತ್ತಾನೆ. ಅವನು ನೋಡಿದ್ದು ಮುಂದಿನವನ ಕುತ್ತಿಗೆಯ ಬೆವರು.

ಬಡ್ತಿ ಸಿಕ್ಕರೆ ಕೈಗೆ ರಿಟ್ರಾಕ್ಟರ್ ಬರುತ್ತದೆ. ಗಾಯದ ಅಂಚನ್ನು ಎಳೆದು ಹಿಡಿಯುವ ಬಾಗಿದ ಉಕ್ಕಿನ ಪಟ್ಟಿ ಅದು. ಹಿಡಿದವನಿಗೆ ಒಳಗಿನದೇನೂ ಕಾಣದಂತೆ, ಕೊಯ್ಯುವವರಿಗೆ ಎಲ್ಲ ಕಾಣುವಂತೆ ಅದರ ಕೋನವನ್ನು ಯಾರೋ ಕೂತು ಯೋಚಿಸಿ ಮಾಡಿದ್ದಾರೆ. ‘ಎಳಿ. ಇನ್ನೂ ಎಳಿ. ಏ, ಲಿವರ್ ಹರೀತೀಯೇನು? ಸಡ್ಲ ಬಿಡು. ಬಿಟ್ಟೇ ಬಿಟ್ಯಾ?’ ಇಷ್ಟು ಸಂಭಾಷಣೆಯಲ್ಲಿ ಒಂದು ಆಪರೇಷನ್ ಮುಗಿಯುತ್ತದೆ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ಕೌಶಲ ಕಲಿಯಲು ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಗುರು ಮಾಡಿ ತೋರಿಸಬೇಕು, ಶಿಷ್ಯ ಗಮನಿಸಬೇಕು, ಕೈಜೋಡಿಸಬೇಕು, ತಾನೇ ಮಾಡಬೇಕು. ಪ್ರತಿ ಮೆಟ್ಟಿಲಿಗೂ ಲಾಗ್‌ಬುಕ್ಕಿನಲ್ಲಿ ಸಹಿ. ಪರೀಕ್ಷೆಯ ಹಿಂದಿನ ವಾರ ಲಾಗ್‌ಬುಕ್ಕುಗಳ ರಾಶಿ ಪ್ರೊಫೆಸರ ಟೇಬಲ್ಲಿಗೆ ಹೋಗುತ್ತದೆ, ಅವರು ಒಂದು ಕೈಯಲ್ಲಿ ಚಹಾ ಹಿಡಿದು ಇನ್ನೊಂದರಲ್ಲಿ ಸಹಿ ಮಾಡುತ್ತಾರೆ. ಲಾಗ್‌ಬುಕ್ಕು ನಾಲ್ಕನೇ ಮೆಟ್ಟಿಲೇರಿ ಕೆಳಗೆ ನೋಡಿದರೆ ಹುಡುಗ ಎರಡನೆಯದರಲ್ಲೇ ನಿಂತಿರುತ್ತಾನೆ. ಇಂಟರ್ನ್‌ಶಿಪ್ಪಿನ 12 ತಿಂಗಳಲ್ಲಿ ಸರ್ಜರಿಗೆ 6 ವಾರ ಇಟ್ಟಿದ್ದಾರೆ. ಆ ಆರು ವಾರ ರಕ್ತದ ಸೀಸೆ ಲ್ಯಾಬಿಗೂ ರಿಪೋರ್ಟು ವಾರ್ಡಿಗೂ ಒಯ್ಯುವ ನಡಿಗೆಯಲ್ಲಿ ಕಾಲಿನ ಸ್ನಾಯುಗಳು ಚೆನ್ನಾಗಿ ಪಳಗುತ್ತವೆ.

ಇಷ್ಟಾದರೂ ಸರ್ಜರಿ ಕಲಿಸುವವರು ವಾರ್ಡಿನಲ್ಲಿ ಇಲ್ಲದಿಲ್ಲ. ಒಬ್ಬರನ್ನು ಬಲ್ಲೆ, ಕೈಯಲ್ಲಿ ಫಿನಾಯಿಲ್ ಬಕೆಟ್ಟು ಹಿಡಿದಿರುತ್ತಾರೆ. ಸೊಂಟ ಬಗ್ಗಿಸಿ, ಬಲಗಾಲು ಎಳೆಯುತ್ತ, ಹೊಟ್ಟೆಯ ಬಲಭಾಗಕ್ಕೆ ಅಂಗೈ ಒತ್ತಿಕೊಂಡು ಒಬ್ಬ ಹುಡುಗ ಬಾಗಿಲು ದಾಟುವಷ್ಟರಲ್ಲಿ ಆಯಾ ಹೇಳಿಬಿಡುತ್ತಾರೆ: ‘ಇದು ಅಪೆಂಡಿಕ್ಸ್ ಐತ್ರಿ. ಕೆಮ್ಮಂದ್ರ ಕೆಮ್ಮಂಗಿಲ್ಲ ನೋಡ್ರಿ, ಅಂಜತಾನ.’ ಬಿಳಿ ಕೋಟಿನ ಆರು ಮಂದಿ ಅವನನ್ನು ಮುಟ್ಟುವ ಮೊದಲು ಸ್ಕ್ಯಾನಿಂಗ್‌ಗೆ ಬರೆದು, ರಿಪೋರ್ಟಿಗೆ ಕಾದು, ಸಂಜೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಎಡಿನ್‌ಬರೋದಲ್ಲಿ ಜೋಸೆಫ್ ಬೆಲ್ ಎಂಬ ಸರ್ಜನ್ ಇದ್ದ. ರೋಗಿಯ ನಡಿಗೆ, ಕೈಯ ಗಡಸು, ಬೂಟಿನ ಮಣ್ಣು ನೋಡಿಯೇ ಅವನ ಕಸುಬು, ಬಂದ ಹಾದಿ ಹೇಳಿಬಿಡುತ್ತಿದ್ದ. ಅವನ ಶಿಷ್ಯ ಕಾನನ್ ಡಾಯ್ಲ್ ಅದರಿಂದ ಷರ್ಲಾಕ್ ಹೋಮ್ಸ್‌ನನ್ನು ಮಾಡಿದ. ನಮ್ಮ ಆಯಾ ಅವರ ಶಿಷ್ಯರು ಯಾರೂ ಏನನ್ನೂ ಮಾಡಿಲ್ಲ. ಅವರು ಹೊರಗುತ್ತಿಗೆಯಲ್ಲಿದ್ದಾರೆ, ಸಂಬಳ ಬರುವುದೇ ಕಷ್ಟ.

ಕೈಯಿಂದ ಮುಟ್ಟಿ ರೋಗ ಗುರುತಿಸುವ ವಿದ್ಯೆಗೆ ಪುಸ್ತಕಗಳ ಕೊರತೆ ಎಂದೂ ಇರಲಿಲ್ಲ. ಹ್ಯಾಮಿಲ್ಟನ್ ಬೈಲಿ 1927ರಲ್ಲೇ ಅದಕ್ಕೊಂದು ಪುಸ್ತಕ ಬರೆದ. ಕೋಲ್ಕತ್ತದ ಎಸ್. ದಾಸ್ ಅವರ ಕೈಪಿಡಿಯನ್ನು ತಲೆದಿಂಬಾಗಿ ಇಟ್ಟುಕೊಳ್ಳದ ವಿದ್ಯಾರ್ಥಿ ಇರಲಿಲ್ಲ. ನಮ್ಮ ಮಂಗಳೂರಿನ ಪ್ರೊಫೆಸರ್ ಶ್ರೀರಾಮ ಭಟ್ಟರ ಎಸ್‌ಆರ್‌ಬಿ ಎಂಬ ದಪ್ಪ ಗ್ರಂಥ ದೇಶದ ಹಾಸ್ಟೆಲುಗಳಲ್ಲೆಲ್ಲ ಇದೆ. ಆದರೆ ಹುಡುಗ ಓದುತ್ತಿರುವುದು ಮೊಬೈಲಿನಲ್ಲಿ, ಪಿಜಿ ನೀಟ್‌ನ 200 ಪ್ರಶ್ನೆಗಳನ್ನು. ವಾರ್ಡ್ ರೌಂಡ್ಸಿನಲ್ಲಿ ಕೊನೆಯ ಸಾಲಿನಲ್ಲಿ ನಿಂತು, ಬಿಳಿ ಕೋಟಿನ ಜೇಬಿನೊಳಗೇ ಹೆಬ್ಬೆರಳು ಆಡಿಸುತ್ತ ಅವನು ಆ ಕ್ಷಣದಲ್ಲೇ ಹರ್ನಿಯಾ ಬಗ್ಗೆ ನಾಲ್ಕರಲ್ಲೊಂದು ಉತ್ತರ ಆರಿಸುತ್ತಿರುತ್ತಾನೆ; ಎದುರಿನ ಹಾಸಿಗೆಯಲ್ಲೇ ಹರ್ನಿಯಾ ಮಲಗಿರುತ್ತದೆ. ಅವನನ್ನು ತಪ್ಪೆನ್ನಲಾರೆ. ಮುಟ್ಟಿ ಕಲಿತವನಿಗೆ ಆ ಪರೀಕ್ಷೆಯಲ್ಲಿ ಒಂದಂಕವೂ ಹೆಚ್ಚು ಸಿಗುವುದಿಲ್ಲ. ಓದಿದ್ದೂ ಕೆಲವೊಮ್ಮೆ ಬೇಕಾಗುವುದಿಲ್ಲ: 2023ರ ಪಿಜಿ ನೀಟ್‌ನಲ್ಲಿ ಸೀಟು ಖಾಲಿ ಉಳಿಯುತ್ತವೆಂದು ಅರ್ಹತೆಯನ್ನು ಶೂನ್ಯ ಪರ್ಸೆಂಟೈಲಿಗೆ ಇಳಿಸಿದರು. ಹಾಲ್ ಟಿಕೆಟ್ ಹಿಡಿದು ಕೂತು ಎದ್ದವರೆಲ್ಲ ಅರ್ಹರು. ಹೋರಿಯನ್ನು ನೇಮಕ ಮಾಡಿಕೊಳ್ಳಲು ಇನ್ನು ಹಾಲ್ ಟಿಕೆಟ್ಟೊಂದೇ ಅಡ್ಡಿ.

ಪಠ್ಯಕ್ರಮದಲ್ಲಿ ನಡತೆ, ನೀತಿ, ಸಂವಹನ ಎಂಬ ಪಾಠವೂ ಇದೆ. ಕೊಯ್ಯುವ ಮುನ್ನ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಒಪ್ಪಿಗೆ ಪಡೆಯಬೇಕು ಎಂಬುದು ಅದರಲ್ಲಿದೆ. ಇದಕ್ಕೆ ಉದಾಹರಣೆ ಹುಡುಕಲು ಪರದೇಶಕ್ಕೆ ಹೋಗಬೇಕಿಲ್ಲ. ಇದೇ ಜಿಲ್ಲೆಯ ರಾಣೆಬೆನ್ನೂರಿನಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಬೇಡದಿದ್ದರೂ ನಮ್ಮ ಗರ್ಭಕೋಶ ತೆಗೆದರು ಎಂದು ದೂರಿದ ಹೆಣ್ಣುಮಕ್ಕಳು ನೂರಾರು. ಕೂಲಿ ಮಾಡಿ ಉಣ್ಣುವವರು, ತಾಂಡಾದವರು. 2022ರಲ್ಲಿ ಅವರು ಪರಿಹಾರ ಕೇಳುತ್ತ, ಆಗಿನ ಮುಖ್ಯಮಂತ್ರಿಗಳ ಕ್ಷೇತ್ರವಾದ ಶಿಗ್ಗಾವಿಯ ಕಡೆಗೆ ನಡೆಯುತ್ತಾ ಹೊರಟರು. ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಇಟ್ಟುಕೊಂಡು ಹೆದ್ದಾರಿಯಲ್ಲಿ ನಡೆದವರಷ್ಟು ಸ್ಪಷ್ಟವಾಗಿ ಆ ಪಾಠವನ್ನು ಯಾವ ಪ್ರೊಫೆಸರೂ ಮಾಡಲಾರರು. ಮೆಡಿಕಲ್ ವಿದ್ಯಾರ್ಥಿಗಳ ಹಾಜರಾತಿ ಪುಸ್ತಕವನ್ನು ಆ ದಿನ ಹೆದ್ದಾರಿಗೆ ತರಬೇಕಿತ್ತು.

ಪಾಠ ಹೇಗಾದರೂ ಆಗಲಿ, ಇನ್‌ಸ್ಪೆಕ್ಷನ್ ಚೆನ್ನಾಗಿ ಆಗಬೇಕು. 150 ಸೀಟಿಗೆ 605 ಹಾಸಿಗೆ ಎಂಬುದು 2023ರ ನಿಯಮ. ಹಾಸಿಗೆ ಕೊಳ್ಳಬಹುದು, ರೋಗಿಯನ್ನು? ಕೆಲವು ಖಾಸಗಿ ಕಾಲೇಜುಗಳು ಅದಕ್ಕೂ ದಾರಿ ಕಂಡುಕೊಂಡಿದ್ದವು: ಇನ್‌ಸ್ಪೆಕ್ಷನ್ ತಂಡ ಬರುವ ದಿನ ಊರಿಂದ ಬಸ್ಸು, ಊಟ, ದಿನದ ಕೂಲಿ, ಕೆಲಸವೆಂದರೆ ಮಲಗುವುದು. 2025ರಲ್ಲಿ ಸಿಬಿಐ ಈ ಇನ್‌ಸ್ಪೆಕ್ಷನ್ ವ್ಯವಹಾರದ ಮೇಲೆ ಪ್ರಕರಣ ದಾಖಲಿಸಿತು. ಅದೇ ವರ್ಷ ವೈದ್ಯಕೀಯ ಆಯೋಗ ಬೋಧಕರಿಗೆ ಮುಖ ತೋರಿಸಿ ಹಾಕುವ ಹಾಜರಾತಿ ತಂದಿತು. ರೋಗಿಗಳಿಗೆ ಇನ್ನೂ ತಂದಿಲ್ಲ.

ಇನ್ನುಳಿದದ್ದು ಪ್ರಾಕ್ಟಿಕಲ್ ಪರೀಕ್ಷೆ. ವಿದ್ಯಾರ್ಥಿ ನಿಜವಾದ ರೋಗಿಯನ್ನು ನಿಜವಾಗಿ ಮುಟ್ಟುವ ದಿನ. ಕಾಲೇಜು ಯಾವುದೆಂದು ಕೇಳಬೇಡಿ, ಎಲ್ಲ ಕಡೆಯೂ ಇದೇ. ಹಿಂದಿನ ದಿನ ಅಟೆಂಡರು ಡೈರಿ ತೆಗೆದು ಫೋನ್ ಮಾಡುತ್ತಾನೆ. ಬೀಜದ ಬಾವು ಒಂದು, ಗಳಗಂಡ ಒಂದು, ಕಾಲಿನ ನರ ಉಬ್ಬಿದ್ದು ಒಂದು, ಸಕ್ಕರೆ ಕಾಯಿಲೆಯ ಹುಣ್ಣು ಎರಡು, ಹರ್ನಿಯಾ ಕಡ್ಡಾಯ. ಹರ್ನಿಯಾ ಎಂದರೆ ಹಾನಗಲ್ ಕಡೆಯ ಅಜ್ಜ. ಬಸ್ ಚಾರ್ಜು, ಒಂದು ಊಟ, ಮೇಲೆ ಒಂದಿಷ್ಟು ಕೊಡುತ್ತಾರೆ. ಪಾಠಕ್ಕೆ ದೇಹ ಕೊಡುವ ಮಾತು ಬಂದರೆ, ಬೈಲಹೊಂಗಲದ ಡಾ. ರಾಮಣ್ಣವರ ಅವರು ತಮ್ಮ ದೇಹವನ್ನು ದಾನ ಮಾಡಿ ಹೋಗಿದ್ದರು. 2010ರಲ್ಲಿ ಬೆಳಗಾವಿಯಲ್ಲಿ ಅವರ ಮಗ ಡಾ. ಮಹಾಂತೇಶ ರಾಮಣ್ಣವರ ವಿದ್ಯಾರ್ಥಿಗಳೆದುರು ತಂದೆಯ ದೇಹವನ್ನೇ ಛೇದಿಸಿ ಪಾಠ ಮಾಡಿದಾಗ ನಾಡೆಲ್ಲ ಕೈಮುಗಿಯಿತು, ಮುಗಿಯಬೇಕಾದದ್ದೇ. ಜೀವ ಇರುವಾಗಲೇ ದೇಹ ಕೊಡುವವನಿಗೆ ಬಸ್ ಚಾರ್ಜು.

ಪರದೆ ಎಳೆದ ಹಾಸಿಗೆಯಲ್ಲಿ ಅಜ್ಜ ಧೋತರ ಸಡಿಲಿಸಿ ಮಲಗಿದ್ದಾನೆ. ವಿದ್ಯಾರ್ಥಿಯ ಹಣೆ ತುಂಬ ಬೆವರು.

‘ಅಜ್ಜಾರ, ಏನ ತ್ರಾಸ ಐತ್ರಿ?’

‘ಬಲಗಡೆ ತೊಡಿ ಸಂದ್ಯಾಗ ಬಾವು. ನಾಲ್ಕ ವರ್ಷ ಆತು. ನಿಂತ್ರ ಇಳಿತೈತಿ, ಮಲಗಿದ್ರ ಒಳಗ ಹೊಕ್ಕೈತಿ. ನೂವಿಲ್ಲ. ವಾಂತಿ ಇಲ್ಲ. ಬರಕೊ.’ ವಿದ್ಯಾರ್ಥಿ ಬರೆದುಕೊಂಡ. ‘ಬೀಡಿ ಸೇದತೇನಿ, ಕೆಮ್ಮ ಐತಿ, ಉಚ್ಚಿ ಹೊಯ್ಯಾಕ ತಿಣಕತೇನಿ. ಮೂರೂ ಬರಿ. ಅದನ್ನ ಕೇಳದವನ್ನ ಹ್ವಾದ ಸಲ ಫೇಲ್ ಮಾಡ್ಯಾರ.’

‘ಆತ್ರಿ. ಕೆಮ್ಮಜ್ಜಾ.’

ಅಜ್ಜ ಕೆಮ್ಮಿದ. ವಿದ್ಯಾರ್ಥಿ ಎಲ್ಲೋ ಕೈ ಇಟ್ಟಿದ್ದ.

‘ತಮ್ಮಾ, ಅಲ್ಲಲ್ಲ. ಸ್ವಂಟದ ಎಲುಬಿನ ತುದಿ ಹಿಡಿ. ಈ ಕಡೆ ಮುಂದಿನ ಎಲುಬು. ಅದರ ನಟ್ಟನಡುವ, ಅರ್ಧ ಇಂಚ ಮ್ಯಾಲ, ಹೆಬ್ಬಟ್ಟ ಒತ್ತು. ಬಾವು ಮದಲ ಒಳಗ ತಳ್ಳಿರಬೇಕ ಮತ್ತ. ಹಾಂ. ಈಗ ಕೆಮ್ಮಸು.’

‘ಇನ್ನೊಮ್ಮೆ ಕೆಮ್ಮು ಅಜ್ಜಾ.’

‘ಬಂತೇನು?’

‘ಬರಲಿಲ್ರಿ.’

‘ಬರಲಿಲ್ಲಂದ್ರ ಇನ್‌ಡೈರೆಕ್ಟ್. ಬಂದಿದ್ರ ಡೈರೆಕ್ಟ್ ಅನ್ನಬೇಕಿತ್ತು. ಕಾಸ್ ಕೊಡಬ್ಯಾಡ, ಇಟ್ಕೊ. ಆ ಕಡೀ ಕಾಟಿನ ಮ್ಯಾಲಿನ ನರ ಉಬ್ಬಿದ ಕಾಕಾ ತೊಗೋತಾನ. ನಾ ತೊಗೊಳಂಗಿಲ್ಲ, ಇದು ವಿದ್ಯಾ.’

ಪರೀಕ್ಷಕರು ಬಂದರು. ವಿದ್ಯಾರ್ಥಿ ಒಂದೇ ಉಸಿರಿನಲ್ಲಿ ಒಪ್ಪಿಸಿದ: ಬಲಭಾಗದ ಇನ್‌ಡೈರೆಕ್ಟ್ ಇಂಗ್ವೈನಲ್ ಹರ್ನಿಯಾ, ಒಳಗೆ ಹೋಗುವಂಥದ್ದು, ಕರುಳು ಸಿಕ್ಕಿಕೊಂಡ ಲಕ್ಷಣವಿಲ್ಲ. ಪರೀಕ್ಷಕರಿಗೆ ಅಚ್ಚರಿ. ಚಿಕಿತ್ಸೆ ಏನು? ಜಾಲರಿ ಇಟ್ಟು ಹೊಲಿಯುವ ಲಿಕ್ಟೆನ್‌ಸ್ಟೈನ್ ವಿಧಾನ ಸರ್. ಯಾವಾಗ ಮಾಡುತ್ತೀ? ತಡ ಮಾಡಬಾರದು ಸರ್, ಕರುಳು ಸಿಕ್ಕಿಕೊಂಡರೆ ರಕ್ತಸಂಚಾರ ನಿಂತು ಕೊಳೆಯುತ್ತದೆ, ಪ್ರಾಣಕ್ಕೇ ಅಪಾಯ. ‘ವೆರಿ ಗುಡ್’ ಎಂದು ಅಂಕ ಬರೆದು ಅವರು ಗಳಗಂಡದ ಕಡೆ ತಿರುಗಿದರು.

ಮಧ್ಯಾಹ್ನ ಅನ್ನಸಾರು ಮುಗಿಸಿ, ಧೋತರ ಬಿಗಿದು ಕಟ್ಟಿಕೊಂಡು ಅಜ್ಜ ಅಟೆಂಡರನ ಬಳಿ ಬಂದ.

‘ಏನಪಾ, ಆ ಹುಡುಗ ತಡಾ ಮಾಡಬಾರದು ಅಂದ್ನಲ್ಲೋ. ದೊಡ್ಡ ಸಾಹೇಬ್ರೂ ಹೌದ ಅಂದ್ರು. ನಂದು ಯಾವಾಗ ಮಾಡ್ತೀರಿ?’

‘ನಿಂದ ಮಾಡಿದ್ರ ಬರೂ ಬ್ಯಾಚಿಗೆ ಏನ ತೋರಸೂದ ಅಜ್ಜಾ? ಡೇಟ್ ಬಂದ ಕೂಡ್ಲೇ ಫೋನ್ ಹಚ್ಚತೇನಿ.’ ಅಟೆಂಡರು ಬಸ್ ಚಾರ್ಜಿನ ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ. ‘ಅಲ್ಲೀತನ ಬೀಡಿ ಬಿಡಬ್ಯಾಡ ಮತ್ತ.’